ವಲಸಿಗ ಹಿನ್ನೆಲೆ ಯುವ ವಾಸ್ತುಶಿಲ್ಪಿಗಳ ಕೆಲಸವನ್ನು ಹೇಗೆ ರೂಪಿಸುತ್ತದೆ?

ಆ ಹಿನ್ನೆಲೆ ಹೆಚ್ಚು ಕೆಲಸ ಮಾಡುವುದು ಅವರು ಕೇಳುವ ಪ್ರಶ್ನೆಗಳಲ್ಲಿ. ಮೂಲನಾಡಿನ ಕಮಾನು, ಕೆತ್ತನೆಗಳನ್ನು ತಂದು ಅಂಟಿಸುವುದು ಅದರ ತೀರಾ ಮೇಲ್ಪದರ. ಒಂದೇ ಕಡೆ ಬೆಳೆದವರಿಗೆ ಸಹಜವೆನಿಸುವ ಅಂಗಳ, ಅಡುಗೆಮನೆ, ಸೂರು ಎರಡು ಕಡೆ ಬಾಳಿದವರಿಗೆ ಹಲವು ಆಯ್ಕೆಗಳಲ್ಲಿ ಒಂದಾಗಿ ಕಾಣುತ್ತವೆ. ಹಾಗಾಗಿ ‘ಇದು ಹೀಗೇ ಏಕಿರಬೇಕು?’ ಎಂದು ಕೇಳುವುದು ಅವರಿಗೆ ಅಭ್ಯಾಸವಾಗಿಬಿಡುತ್ತದೆ.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಹಳ್ಳಿಯ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಬರ್ಲಿನ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ತಮ್ಮೂರಿಗೊಂದು ಶಾಲೆ ಕಟ್ಟಿಸಿದರು. 2001ರಲ್ಲಿ ಅದು ಮುಗಿಯಿತು. ಬೇಯುವ ತರಗತಿಯಲ್ಲಿ ಕೂತ ನೆನಪು ಬಾಲ್ಯದ್ದು, ಕಟ್ಟುವ ವಿದ್ಯೆ ಬರ್ಲಿನ್ನಿನದು. ಮಣ್ಣಿನ ಇಟ್ಟಿಗೆಯ ಗೋಡೆ, ತೂತುಗಳಿರುವ ಒಳಚಾವಣಿ, ಅದರಿಂದ ಅಂತರ ಬಿಟ್ಟು ಮೇಲೆತ್ತಿದ ತಗಡಿನ ಸೂರು. ಒಳಗಿನ ಬಿಸಿಗಾಳಿ ಮೇಲೇರಿ ಆ ಸಂದಿಯಿಂದ ಹೊರಟುಹೋಗುತ್ತದೆ. ಎರಡು ನಾಡುಗಳಲ್ಲಿ ಒಂದರ ಅನುಭವ ಇಲ್ಲದಿದ್ದರೂ ಈ ಶಾಲೆ ಹುಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಕೆಲವೊಮ್ಮೆ ವಲಸೆಯೇ ವಿನ್ಯಾಸದ ವಸ್ತುವಾಗುತ್ತದೆ. ದಕ್ಷಿಣ ಆಫ್ರಿಕಾದ ವಾಸ್ತುಶಿಲ್ಪಿ ಸುಮಯ್ಯ ವಲಿ 2021ರಲ್ಲಿ ಲಂಡನ್ನಿನ ಸರ್ಪೆಂಟೈನ್ ಪೆವಿಲಿಯನ್ (ಕಲಾ ಗ್ಯಾಲರಿಯೊಂದು ಬೇಸಿಗೆಗೆಂದು ಕಟ್ಟಿಸುವ ತಾತ್ಕಾಲಿಕ ಮಂಟಪ) ರೂಪಿಸಿದಾಗ, ಅಲ್ಲಿನ ವಲಸಿಗರು ಸೇರುತ್ತಿದ್ದ ಮಾರುಕಟ್ಟೆ, ಪ್ರಾರ್ಥನಾಲಯ, ಪುಸ್ತಕದಂಗಡಿಗಳಿಂದ ಆಕಾರಗಳನ್ನು ಪಡೆದರು. ಅದರ ತುಣುಕುಗಳನ್ನು ನಗರದ ಬೇರೆ ಬಡಾವಣೆಗಳಲ್ಲೂ ಇರಿಸಲಾಯಿತು.