ಮನೆ ಆರೈಕೆಯ ಬಿಲ್: ಎಲ್ಲಿ ಕಣ್ಣಿಡಬೇಕು?

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ನಮ್ಮ ಜೊತೆಗಿರುವ ಅತ್ತೆಯವರಿಗೆ ಪೂರ್ಣ ಏಜ್ ಪೆನ್ಷನ್ ಇದೆ. ಹಿರಿಯರ ಮನೆ ಆರೈಕೆಗೆ ಸರ್ಕಾರ ಹಣ ಕೊಡುವ ‘ಸಪೋರ್ಟ್ ಅಟ್ ಹೋಮ್’ ಯೋಜನೆಯಡಿ ನರ್ಸ್, ಕ್ಲೀನಿಂಗ್‌ನವರು ಬರುತ್ತಾರೆ. ತಿಂಗಳ ಸ್ಟೇಟ್‌ಮೆಂಟ್ ತಲೆಬುಡ ತಿಳಿಯುತ್ತಿಲ್ಲ. ಏನು ನೋಡಬೇಕು?

ಉತ್ತರ: ಸ್ಟೇಟ್‌ಮೆಂಟ್ ಬಂದ ಮೇಲೆ ನೆನಪಿಸಿಕೊಳ್ಳಲು ಹೋದರೆ ಆಗುವುದಿಲ್ಲ. ಯಾರು ಬಂದರು, ಎಷ್ಟು ಗಂಟೆಗೆ ಬಂದು ಎಷ್ಟಕ್ಕೆ ಹೋದರು ಎಂದು ಗೋಡೆ ಕ್ಯಾಲೆಂಡರ್‌ನಲ್ಲಿ ಅಂದಂದೇ ಬರೆದಿಡಿ. ಒಂದೇ ಭೇಟಿಗೆ ಎರಡು ಸಲ ಬಿಲ್, ಬಾರದ ದಿನಕ್ಕೂ ಹಣ, ಸೋಮವಾರದ ಕೆಲಸಕ್ಕೆ ಭಾನುವಾರದ ದರ, ಇವೆಲ್ಲ ಸಿಕ್ಕಿಬೀಳುವುದು ಅದರಲ್ಲೇ. ಗಂಟೆಯ ದರವನ್ನು ಒಪ್ಪಂದದ ದರಪಟ್ಟಿಯೊಂದಿಗೆ ತಾಳೆ ನೋಡಿ. ಸಿಬ್ಬಂದಿಯ ಪ್ರಯಾಣ, ಆಡಳಿತ ವೆಚ್ಚ ಆ ದರದೊಳಗೇ ಸೇರಿರಬೇಕು. ಬೇರೆ ಸಾಲಾಗಿ ಕಂಡರೆ ಕೇಳಿ.

ಇನ್ನು ಅತ್ತೆಯವರ ಪಾಲು. ನರ್ಸಿಂಗ್‌ಗೆ ಸೊನ್ನೆ. ಕ್ಲೀನಿಂಗ್‌ಗೆ ಪೂರ್ಣ ಪೆನ್ಷನ್‌ನವರು ಕೊಡಬೇಕಾದ್ದು ಶೇ. 17.5. ಗಂಟೆಗೆ 100 ಡಾಲರ್‌ನಂತೆ 2 ಗಂಟೆಯಾದರೆ 200ರಲ್ಲಿ 35 ಡಾಲರ್. 2024ರ ಸೆಪ್ಟೆಂಬರ್ 12ರ ಹೊತ್ತಿಗೇ ಹೋಂ ಕೇರ್ ಪ್ಯಾಕೇಜ್ (ಇದಕ್ಕೂ ಮೊದಲಿದ್ದ ಮನೆ ಆರೈಕೆ ಯೋಜನೆ) ಮಂಜೂರಾಗಿತ್ತೇ? ಹಾಗಿದ್ದರೆ ಅದನ್ನೂ ಕೊಡಬೇಕಿಲ್ಲ. ಮೊದಲು ಇದನ್ನೇ ವಿಚಾರಿಸಿ.

ಸರ್ಕಾರ ಕೊಡುವ ಬಜೆಟ್ ಮೂರು ತಿಂಗಳಿಗೊಮ್ಮೆ ಬರುತ್ತದೆ. ಅದರಲ್ಲಿ ಶೇ. 10 ಕೇರ್ ಮ್ಯಾನೇಜ್‌ಮೆಂಟ್‌ಗೆ (ಆರೈಕೆಯನ್ನು ಯೋಜಿಸಿ ನೋಡಿಕೊಳ್ಳುವ ಕೆಲಸಕ್ಕೆ) ಮೊದಲೇ ಹೋಗಿರುತ್ತದೆ, ಗಾಬರಿ ಬೇಡ. ಖರ್ಚಾಗದೆ ಉಳಿದದ್ದರಲ್ಲಿ 1,000 ಡಾಲರ್ ಅಥವಾ ಬಜೆಟ್‌ನ ಶೇ. 10, ಯಾವುದು ಹೆಚ್ಚೋ ಅಷ್ಟು ಮಾತ್ರ ಮುಂದಿನ ಮೂರು ತಿಂಗಳಿಗೆ ಹೋಗುತ್ತದೆ. ಹಾಗಾಗಿ ಆ ಮೂರರಲ್ಲಿ ಕೊನೆಯ ತಿಂಗಳು ಎಷ್ಟು ಹಣ ಉಳಿದಿದೆ ಎಂದು ಬಿಡದೆ ನೋಡಿ.

ತಪ್ಪು ಕಂಡರೆ ತಾರೀಖು, ಸಾಲು ಗುರುತಿಸಿ ಆರೈಕೆ ಸಂಸ್ಥೆಯವರನ್ನು ಇಮೇಲ್‌ನಲ್ಲೇ ಕೇಳಿ. ಫೋನಿನ ಮಾತಿಗೆ ಲೆಕ್ಕವಿರುವುದಿಲ್ಲ. ಸರಿಹೋಗದಿದ್ದರೆ ಹಿರಿಯರ ಪರ ನಿಲ್ಲುವ ಒಪ್ಯಾನ್ (OPAN) ಸಂಸ್ಥೆಯ ಉಚಿತ ಸಹಾಯವಾಣಿ 1800 700 600.