ಪ್ರಭಾವ ವಲಯ ಹಂಚಿಕೊಂಡರೆ ಶಾಂತಿ ಸಿಗುತ್ತದೆ ಎಂಬ ವಾದಕ್ಕೆ 1907ರ ಒಪ್ಪಂದ ಒಳ್ಳೆಯ ಉದಾಹರಣೆಯೇ, 1955ರದ್ದೇ?

ಉಕ್ರೇನ್ ವಿಷಯದಲ್ಲಿ ಅಮೆರಿಕ ಮತ್ತು ರಷ್ಯಾ ನೇರವಾಗಿ ಕುಳಿತು, ಯಾವ ಪ್ರದೇಶ ಯಾರ ಹಿಡಿತಕ್ಕೆ ಎಂದು ಗೆರೆ ಎಳೆದುಕೊಂಡರೆ ಯುದ್ಧ ಮುಗಿಯುತ್ತದೆ ಎಂಬುದು ನಿಮ್ಮ ಪ್ರಬಂಧದ ವಾದ. ಅದಕ್ಕೆ ಉದಾಹರಣೆಯಾಗಿ, ಬ್ರಿಟನ್ ಮತ್ತು ರಷ್ಯಾ ಪರ್ಷಿಯಾವನ್ನು (ಇಂದಿನ ಇರಾನ್) ಪ್ರಭಾವ ವಲಯಗಳಾಗಿ ಹಂಚಿಕೊಂಡ 1907ರ ಆಂಗ್ಲೋ-ರಷ್ಯನ್ ಒಪ್ಪಂದವೋ, ಎರಡನೇ ಮಹಾಯುದ್ಧದ ನಂತರ ವಿದೇಶಿ ಸೇನೆಗಳ ವಶದಲ್ಲಿದ್ದ ದೇಶವನ್ನು ಬಿಡಿಸಿದ 1955ರ ಆಸ್ಟ್ರಿಯಾ ಒಪ್ಪಂದವೋ ಎಂಬುದು ಪ್ರಶ್ನೆ. ನನ್ನ ಎಂ.ಎ. ಪ್ರಬಂಧದಲ್ಲಿ ಉಕ್ರೇನ್ ಇರಲಿಲ್ಲ ಎಂಬುದೊಂದನ್ನು ಬಿಟ್ಟರೆ ವಾದ ಇದೇ ಆಗಿತ್ತು, ಮತ್ತು ನಾನು ಆರಿಸಿಕೊಂಡದ್ದು 1907.

ಆ ಒಪ್ಪಂದ ಓದುವುದಕ್ಕೆ ಬಹಳ ಅಚ್ಚುಕಟ್ಟು. ಆಗಸ್ಟ್ 31ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದ ವಿದೇಶಾಂಗ ಸಚಿವ ಇಜ್ವೋಲ್ಸ್ಕಿ ಮತ್ತು ಬ್ರಿಟಿಷ್ ರಾಯಭಾರಿ ಆರ್ಥರ್ ನಿಕೋಲ್ಸನ್ ಸಹಿ ಹಾಕಿದರು. ಪರ್ಷಿಯಾದ ಸ್ವಾತಂತ್ರ್ಯವನ್ನೂ ಅಖಂಡತೆಯನ್ನೂ ಗೌರವಿಸುತ್ತೇವೆ ಎಂದು ಆರಂಭದಲ್ಲೇ ಹೇಳಿ, ಮುಂದಿನ ಸಾಲುಗಳಲ್ಲಿ ಕಸ್ರ್-ಎ-ಶಿರಿನ್‌ನಿಂದ ಇಸ್ಫಹಾನ್, ಯಜ್ದ್ ಮೂಲಕ ಒಂದು ಗೆರೆ, ಬಿರ್ಜಂದ್, ಕೆರ್ಮಾನ್ ಮೂಲಕ ಬಂದರ್ ಅಬ್ಬಾಸ್‌ವರೆಗೆ ಇನ್ನೊಂದು ಗೆರೆ ಎಳೆಯಲಾಗಿದೆ. ಮೊದಲ ಗೆರೆಯ ಉತ್ತರಕ್ಕೆ ಬ್ರಿಟನ್ ಆಗಲಿ, ಎರಡನೆಯದರ ಆಗ್ನೇಯಕ್ಕೆ ರಷ್ಯಾ ಆಗಲಿ ರೈಲು, ಬ್ಯಾಂಕು, ತಂತಿ, ರಸ್ತೆ, ಸಾಗಣೆ, ವಿಮೆಗಳ ಗುತ್ತಿಗೆ ಹಕ್ಕು ಕೇಳಬಾರದು; ಎರಡು ಗೆರೆಗಳ ನಡುವಿನದು ತಟಸ್ಥ ವಲಯ. ರಾಜಧಾನಿ ತೆಹ್ರಾನ್ ರಷ್ಯಾದ ಪಾಲಿನಲ್ಲಿತ್ತು. ಪರ್ಷಿಯಾ, ಅಫ್ಘಾನಿಸ್ತಾನ, ಟಿಬೆಟ್ ಈ ಮೂರರ ವಿಷಯವೂ ಆ ಪತ್ರದಲ್ಲಿದೆ, ಮೂರರಲ್ಲಿ ಒಂದರ ಸಹಿಯೂ ಇಲ್ಲ. ಅಫ್ಘಾನಿಸ್ತಾನದ ಭಾಗಕ್ಕೆ ಅಲ್ಲಿನ ದೊರೆ ಅಮೀರ ಹಬೀಬುಲ್ಲಾನ ಸಮ್ಮತಿ ಬೇಕೆಂದು ಬರೆದುಕೊಂಡಿದ್ದರು. ಆತ ಕೊಡಲಿಲ್ಲ, ಆದರೂ ಎರಡೂ ಸರ್ಕಾರಗಳು ಅದು ಜಾರಿಯಲ್ಲಿದೆ ಎಂದೇ ನಡೆದುಕೊಂಡವು.

ನನ್ನ ಪ್ರಬಂಧ ನೆಲಕಚ್ಚಿದ್ದು 1911ರ ಪ್ರಸಂಗದಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪರ್ಷಿಯಾದ ಸಂಸತ್ತು, ಅಂದರೆ ಮಜ್ಲಿಸ್, ಹದಗೆಟ್ಟ ಖಜಾನೆಯನ್ನು ಸರಿಪಡಿಸಲು ಮಾರ್ಗನ್ ಶುಸ್ಟರ್ ಎಂಬ ಅಮೆರಿಕನ್ನನನ್ನು ನೇಮಿಸಿಕೊಂಡಿತ್ತು. ಅವನನ್ನು ತೆಗೆದುಹಾಕಬೇಕು, ಇನ್ನು ಮುಂದೆ ರಷ್ಯಾ ಮತ್ತು ಬ್ರಿಟನ್ನಿನ ಒಪ್ಪಿಗೆಯಿಲ್ಲದೆ ವಿದೇಶಿಯರನ್ನು ನೇಮಿಸಬಾರದು ಎಂದು ರಷ್ಯಾ ಅಂತಿಮ ಎಚ್ಚರಿಕೆ ಕೊಟ್ಟಿತು. ಮಜ್ಲಿಸ್ ತಿರಸ್ಕರಿಸಿತು. ಡಿಸೆಂಬರ್ ಮುಗಿಯುವುದರೊಳಗೆ ಮಜ್ಲಿಸ್‌ನ ಬಾಗಿಲು ಮುಚ್ಚಿತ್ತು, ತಬ್ರೀಜ್‌ನಲ್ಲಿ ರಷ್ಯನ್ ಸೇನೆ ಜನರನ್ನು ಗಲ್ಲಿಗೇರಿಸುತ್ತಿತ್ತು. ಲಂಡನ್ ಇದಕ್ಕೆ ಅಡ್ಡ ಬರಲಿಲ್ಲ, ಏಕೆಂದರೆ ಗೆರೆಯ ಆ ಬದಿ ಅದರ ಗೊಡವೆಯಾಗಿರಲಿಲ್ಲ. ಇಷ್ಟನ್ನೂ ಬರೆದ ನಾನು ಕೊನೆಯಲ್ಲಿ, ಒಪ್ಪಂದವು ಎದುರಿಸಿ ಗೆದ್ದ ಅತ್ಯಂತ ಕಠಿಣ ಪರೀಕ್ಷೆ ಇದು ಎಂದು ಷರಾ ಹಾಕಿದ್ದೆ! ಎರಡು ಸಾಮ್ರಾಜ್ಯಗಳು ಪರಸ್ಪರ ಕಾದಾಡಲಿಲ್ಲವಲ್ಲ, ಆದ್ದರಿಂದ ಶಾಂತಿ ಉಳಿಯಿತು ಎಂಬುದು ನನ್ನ ಲೆಕ್ಕ.

ಸಂಗತಿಗಳೆಲ್ಲ ಕೈಯಲ್ಲಿದ್ದೂ ಆ ವಾಕ್ಯ ಬರೆದೆನಲ್ಲ, ಹೇಗೆ? ನನ್ನ ಆಕರಗಳೆಲ್ಲ ಲಂಡನ್ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಡುವಿನ ಪತ್ರಗಳಾಗಿದ್ದವು. ಅವುಗಳಲ್ಲಿ ತೆಹ್ರಾನ್ ಎಂದರೆ ಬಗೆಹರಿಸಬೇಕಾದ ಒಂದು ಕಡತ. ಆ ಕಡತ ಮುಚ್ಚಿದ ದಿನ ಇಬ್ಬರಿಗೂ ನೆಮ್ಮದಿ, ಅವರನ್ನು ಓದುತ್ತಿದ್ದ ನನಗೂ ನೆಮ್ಮದಿ. ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರೊಬ್ಬರು, ಮಜ್ಲಿಸ್‌ನಲ್ಲಿ ಆಗ ಯಾರು ಏನು ಮಾತಾಡಿದರು ಎಂದು ಮಾತ್ರ ಕೇಳಿದರು. ಅನುವಾದದಲ್ಲಾದರೂ ಪರ್ಷಿಯನ್ ಕಡೆಯ ಒಂದು ದಾಖಲೆಯನ್ನು ನಾನು ತೆರೆದು ನೋಡಿರಲಿಲ್ಲ. ಸಂಶೋಧನಾ ಪ್ರವೇಶಕ್ಕೆ ಆ ಅಂಕಗಳೇ ಆಧಾರವಾಗಿದ್ದುದರಿಂದ ಅದು ಕೈತಪ್ಪಿತು. ಪರೀಕ್ಷಕರು ಕಠಿಣರು ಎಂದು ಬಹಳ ಕಾಲ ದೂರಿಕೊಂಡು ತಿರುಗಿದೆ. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಎರಡು ಕೋಣಗಳ ಕಾಳಗದಲ್ಲಿ ಸಾಯುವುದು ನಡುವಿನ ಗಿಡ ಎನ್ನುತ್ತೇವೆ. ಪರ್ಷಿಯಾದಲ್ಲಿ ಗಿಡ ತುಳಿತಕ್ಕೆ ಸಿಕ್ಕಿದ್ದು ಕೋಣಗಳು ರಾಜಿಯಾದ ಮೇಲೆ. ಆ ರಾಜಿಯಾದರೂ ನಿಂತಿತೇ ಎಂದರೆ, 1908ರಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ತೈಲ ಚಿಮ್ಮಿದ್ದು ತಟಸ್ಥ ವಲಯದಲ್ಲಿ, 1915ರಲ್ಲಿ ಆ ತಟಸ್ಥ ವಲಯವೇ ರಹಸ್ಯವಾಗಿ ಬ್ರಿಟನ್ನಿನ ಪಾಲಾಯಿತು.

ಹಾಗಾದರೆ 1955 ಎನ್ನುತ್ತೀರಿ. ಅದನ್ನು ನಿಮ್ಮ ವಾದದ ಪರವಾಗಿ ಬಳಸಲು ಬರುವುದಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ಮಾಸ್ಕೋಗೆ ಹೋಗಿ ಮಾತುಕತೆ ನಡೆಸಿದ್ದು ಆಸ್ಟ್ರಿಯಾದ ಚಾನ್ಸಲರ್ ಯೂಲಿಯಸ್ ರಾಬ್ ಮತ್ತು ಅವರ ಸಂಗಡಿಗರು. ಮೇ 15ರ ಒಪ್ಪಂದಕ್ಕೆ ಆಸ್ಟ್ರಿಯಾವನ್ನು ವಶದಲ್ಲಿಟ್ಟುಕೊಂಡಿದ್ದ ನಾಲ್ಕು ಶಕ್ತಿಗಳ (ಸೋವಿಯತ್ ಒಕ್ಕೂಟ, ಅಮೆರಿಕ, ಬ್ರಿಟನ್, ಫ್ರಾನ್ಸ್) ಜೊತೆ ಆಸ್ಟ್ರಿಯಾದ ಸಹಿಯೂ ಇದೆ. ಯಾವ ಸೇನಾ ಬಣಕ್ಕೂ ಸೇರುವುದಿಲ್ಲ ಎಂಬ ತಟಸ್ಥತೆಯ ಕಾನೂನನ್ನು ಅಂಗೀಕರಿಸಿದ್ದು, ವಿದೇಶಿ ಸೇನೆಗಳು ತೆರವಾದ ಮೇಲೆ, ಅಕ್ಟೋಬರ್ 26ರಂದು, ಅದರದೇ ಸಂಸತ್ತು. ಇಬ್ಬರು ದೊಡ್ಡವರು ಹಂಚಿಕೊಂಡರೆ ಸಾಕು ಎಂಬ ನಿಮ್ಮ ಮೂಲ ಎಣಿಕೆಗೆ ಇದು ನೇರ ವಿರುದ್ಧ.

ಸಹಿಯೊಂದಿದ್ದರೆ ಸಾಕೆಂದೂ ನಾನು ಹೇಳುತ್ತಿಲ್ಲ. ಉಕ್ರೇನಿನ ಗಡಿಗಳನ್ನು ಗೌರವಿಸುತ್ತೇವೆ ಎಂಬ ಭರವಸೆಯ 1994ರ ಬುಡಾಪೆಸ್ಟ್ ಪತ್ರಕ್ಕೆ ಉಕ್ರೇನ್ ಸಹಿ ಹಾಕಿತ್ತು, ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನೂ ಬಿಟ್ಟುಕೊಟ್ಟಿತು. ಅದೇ ಪತ್ರಕ್ಕೆ ಸಹಿ ಹಾಕಿದ್ದ ರಷ್ಯಾ 2014ರಲ್ಲಿ ಕ್ರಿಮಿಯಾವನ್ನು ತೆಗೆದುಕೊಂಡಿತು. ಪ್ರಬಂಧಕ್ಕೆ ವಸ್ತು ಬೇಕಿದ್ದರೆ ಆಸ್ಟ್ರಿಯಾದ ಸಹಿ ಏಕೆ ಬಾಳಿತು, ಬುಡಾಪೆಸ್ಟ್‌ನದು ಏಕೆ ಬಾಳಲಿಲ್ಲ ಎಂಬುದನ್ನು ಹಿಡಿಯಿರಿ, ಮತ್ತು ಬರೆಯಲು ಕೂರುವ ಮೊದಲು ಕೀವ್‌ನ ದಾಖಲೆಗಳ ಅನುವಾದಗಳನ್ನು ತರಿಸಿಕೊಳ್ಳಿ.