ಹೋರಿ ಗೆದ್ದ ಪೈಲ್ವಾನನ ಹೊಟ್ಟೆಪಾಡೇನು?

ಪ್ರಶ್ನೆ: ಮಗ ದಿನಾ ಗರಡಿಗೆ ಹೋಗುತ್ತಾನೆ. ಸ್ವಿಟ್ಜರ್ಲೆಂಡಿನಲ್ಲಿ ಕುಸ್ತಿ ಗೆದ್ದವನಿಗೆ ಹೋರಿ ಕೊಡ್ತಾರಂತೆ, ನಂಗೆ ಓದು ಬೇಡ ಅಂತ ಕೂತಿದ್ದಾನೆ. ಇದು ನಿಜಾನಾ ಸಾರ್? ಹೋರಿ ಕಟ್ಟಿಕೊಂಡು ಅವರು ಬದುಕೋದು ಹೇಗೆ?
- ಒಬ್ಬ ಅಪ್ಪ, ದಾವಣಗೆರೆ

ಉತ್ತರ: ಹೋರಿ ನಿಜ. ಓದು ಬೇಡ ಅನ್ನೋದು ನಿಮ್ಮ ಮಗನೇ ಸೇರಿಸಿಕೊಂಡಿದ್ದು.

ಆ ಕುಸ್ತಿಗೆ ಅಲ್ಲಿ ಶ್ವಿಂಗೆನ್ ಅಂತಾರೆ. ದೊಡ್ಡ ಹಬ್ಬ ಮೂರು ವರ್ಷಕ್ಕೊಮ್ಮೆ. ಗೆದ್ದವನು 'ರಾಜ'. ನಗದು ಬಹುಮಾನ ಇಲ್ಲ, ಹೋರಿಯೇ ಬಹುಮಾನ, ಬೇಡ ಅಂದರೆ ಅದರ ಬೆಲೆ ತಗೊಳ್ಳಬಹುದು.

ಕ್ರಿಸ್ಟಿಯನ್ ಸ್ಟುಕಿ ಅಂತ ಒಬ್ಬನಿದ್ದಾನೆ, ಆರೂವರೆ ಅಡಿ ಆಳು, ಅವನ ಕಥೆ ಮಗನಿಗೆ ಹೇಳಿ. ಕಲಿತಿದ್ದು ಕಾಡಿನ ಕೆಲಸ, ಆಮೇಲೆ ಡ್ರೈವರ್. 2008ರಲ್ಲಿ ಕಿಲ್ಶ್‌ಬರ್ಗ್‌ನ ಇನ್ನೊಂದು ದೊಡ್ಡ ಕುಸ್ತಿ ಗೆದ್ದ. 2013ರಲ್ಲಿ ರಾಜನಾಗುವ ಕಡೇ ಜೋಡಿಯಲ್ಲಿ ಮಥಿಯಾಸ್ ಸೆಂಪಾಖ್ ಕೈಯಲ್ಲಿ ಸೋತ. ಅಲ್ಲಿಂದ ಆರು ವರ್ಷ ಕಾದ ನೋಡಿ, ಅದೇ ನನಗೆ ದೊಡ್ಡದು ಅನ್ನಿಸೋದು. ನಡುವೆ 2017ರಲ್ಲಿ ಉನ್‌ಸ್ಪುನ್ನೆನ್ ಅನ್ನೋ ಬೇರೆ ಕುಸ್ತಿ ಹಬ್ಬವನ್ನೂ ಗೆದ್ದ. 2019ರಲ್ಲಿ ತ್ಸುಗ್ ಊರಿನ ಕಣದಲ್ಲಿ, ಐವತ್ತು ಸಾವಿರಕ್ಕೂ ಜಾಸ್ತಿ ಜನರ ಎದುರು, ತನಗಿಂತ ತುಂಬಾ ಚಿಕ್ಕವನಾದ ಜೋಯೆಲ್ ವಿಕಿಯನ್ನು ನಿಮಿಷ ತುಂಬೋದರೊಳಗೆ ಚಿತ್ ಮಾಡಿ ರಾಜನಾದ. ಆಗ ಅವನಿಗೆ 34. ಆ ವರ್ಷ ದೇಶದ ಶ್ರೇಷ್ಠ ಕ್ರೀಡಾಪಟು ಕೂಡ ಅವನೇ, ಟೆನಿಸ್‌ನ ಫೆಡರರ್ ಇರೋ ದೇಶದಲ್ಲಿ! 2023ರಲ್ಲಿ ಕಣ ಬಿಟ್ಟ.

ಇವನಿಗಿಂತ ಮೊದಲಿನ ಯೋರ್ಗ್ ಅಬ್ಡರ್‌ಹಾಲ್ಡನ್ 1998, 2004, 2007ರಲ್ಲಿ ಮೂರು ಸಲ ರಾಜನಾದ. ಅವನು ಬಡಗಿ. ಈಗ ಹೆಸರು ಮಾಡಿದವರಿಗೆ ಜಾಹೀರಾತಿನ ದುಡ್ಡು ಬರುತ್ತೆ, ಅದರಲ್ಲೂ ಒಂದು ಪಾಲು ಸಂಘಕ್ಕೆ ಕೊಡಬೇಕು. ಕೈಯಲ್ಲೊಂದು ಕೆಲಸ ಇಟ್ಟುಕೊಂಡೇ ಕುಸ್ತಿ ಆಡೋದು ಅಲ್ಲಿನ ರೂಢಿ. ದುಗ್ಗಮ್ಮನ ಜಾತ್ರೆಯಲ್ಲಿ ಬೆಳ್ಳಿ ಗದೆ ಹೆಗಲಿಗೇರಿಸಿಕೊಂಡವರೂ ಮಾರನೇ ದಿನ ಕೆಲಸಕ್ಕೇ ಹೋಗೋದು ಅಲ್ವಾ?

ಪ್ರಶ್ನೆ: ನಮ್ಮ ಮಟ್ಟಿ ಕುಸ್ತಿಗೂ ಅದಕ್ಕೂ ಏನು ವ್ಯತ್ಯಾಸ?
- ಹಳೇ ಪೈಲ್ವಾನ್, ಹರಿಹರ

ಉತ್ತರ: ನಮ್ಮದು ಕೆಮ್ಮಣ್ಣು, ಅವರದು ಮರದ ಹೊಟ್ಟು. ನಮ್ಮದು ಲಂಗೋಟಿ, ಅವರು ಪ್ಯಾಂಟಿನ ಮೇಲೆ ಗೋಣಿ ಬಟ್ಟೆಯ ದಪ್ಪ ಚಡ್ಡಿ ಏರಿಸ್ತಾರೆ. ಪಟ್ಟೆಲ್ಲಾ ಆ ಚಡ್ಡಿ ಮೇಲೇ. ಒಂದು ಕೈಯಾದರೂ ಅದನ್ನ ಹಿಡಿದಿರುವಾಗ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿದರೇ ಗೆಲುವು. ಗೆದ್ದವನು ಕುಣಿಯೋ ಮೊದಲು ಬಗ್ಗಿ, ಸೋತವನ ಬೆನ್ನಿಗೆ ಮೆತ್ತಿದ ಹೊಟ್ಟನ್ನ ಕೈಯಿಂದ ಕೊಡವಿ ಕಳಿಸಬೇಕು. ಸ್ಟುಕಿ ಬೆನ್ನನ್ನೂ 2013ರಲ್ಲಿ ಒಬ್ಬ ಹೀಗೇ ಕೊಡವಿರ್ತಾನೆ.